ಅಂಕಪಟ್ಟಿ: ಯಾರ ವಿಳಾಸಕ್ಕೆ ಬರೆದ ಪತ್ರ?



ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರ, ಭಾನುವಾರದ ಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಇಳಿಯುವ ತಂದೆತಾಯಿಯರನ್ನು ನೆರೆಹೊರೆಯವರು ಕೇಳುವ ಪ್ರಶ್ನೆ ಒಂದೇ: "ಎಷ್ಟು ಬಂತು?" ಮಗಳು ಏನು ಕಲಿತಳು, ಯಾವುದರಲ್ಲಿ ಎಡವಿದಳು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಕುಚೋದ್ಯವೆಂದು ತೋರೀತು. ಉತ್ತರವೂ ಅಷ್ಟೇ ಚುಟುಕು. 625ಕ್ಕೆ ಇಷ್ಟು. ಆ ಸಂಖ್ಯೆ ದೊಡ್ಡದಾಗಿದ್ದರೆ ಧ್ವನಿ ಏರುತ್ತದೆ, ಚಿಕ್ಕದಾಗಿದ್ದರೆ ತಾಯಿ ಬೇಗನೆ ಮನೆಯ ದಾರಿ ಹಿಡಿಯುತ್ತಾಳೆ. ಹತ್ತು ವರ್ಷಗಳ ಕಲಿಕೆಯನ್ನು ಮೂರು ಅಂಕಿಗಳಲ್ಲಿ ಹೇಳಿ ಮುಗಿಸುವ ಈ ಪದ್ಧತಿ ಅನಾದಿಯಿಂದ ಬಂದದ್ದೆಂಬಂತೆ ನಾವು ನಡೆದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದಕ್ಕೊಂದು ಹುಟ್ಟಿದೆ, ಬೆಳವಣಿಗೆಯಿದೆ, ದಾರಿ ತಪ್ಪಿದ ಘಟ್ಟಗಳೂ ಇವೆ. ಆ ಚರಿತ್ರೆಯನ್ನು ಓದುವಾಗ ತಾವು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ. ಅಂಕಪಟ್ಟಿಯು ಮಗುವಿನ ಬಗ್ಗೆ ಬರೆದ ಪತ್ರವಾದರೆ, ಅದರ ವಿಳಾಸ ಯಾರದು?

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. 1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೊ ತನ್ನ ಪ್ರಾಂತದ ಎಲ್ಲ ಜಿಲ್ಲಾಧಿಕಾರಿಗಳಿಂದ ಊರ ಶಾಲೆಗಳ ವಿವರ ಕೇಳಿದ. ಬಂದ ಉತ್ತರಗಳ ಪೈಕಿ ಅತ್ಯಂತ ಸೊಗಸಾದದ್ದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಬರೆದ ವರದಿ. ಆಗಿನ ಬಳ್ಳಾರಿ ಜಿಲ್ಲೆ ಇಂದಿನ ಅನಂತಪುರದ ಸೀಮೆಯನ್ನೂ ಒಳಗೊಂಡಿತ್ತು. ಅಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವು. ಎಲ್ಲ ಸೇರಿ ಕಲಿಯುವವರು 6,641 ಮಂದಿ, ಅಂದರೆ ಒಂದು ಶಾಲೆಗೆ ಹನ್ನೆರಡರಷ್ಟು ಮಕ್ಕಳು. ಇವೇ ನಮ್ಮ ಹಿರಿಯರು ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದ ಶಾಲೆಗಳು.

ಬೆಳಿಗ್ಗೆ ಆರು ಗಂಟೆಗೆ ಮಠ ಆರಂಭ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವದ ಗುರುತಾಗಿ 'ಸರಸ್ವತಿ' ಎಂದು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದು. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಹನ್ನೆರಡನೆಯವನ ಪಾಡನ್ನು ತಾವೇ ಎಣಿಸಿಕೊಳ್ಳಿ! ನಮ್ಮ ನೆಲದ ಅತ್ಯಂತ ಹಳೆಯ 'ಅಂಕ' ಬಹುಶಃ ಈ ಅಂಗೈಯ ಸೊನ್ನೆಯೇ ಇರಬೇಕೆಂದು ನನಗೆ ಅನ್ನಿಸುವುದುಂಟು. ಆದರೆ ಅದು ಅಳೆದದ್ದು ಹೊತ್ತಿಗೆ ಸರಿಯಾಗಿ ಬರುವ ಶಿಸ್ತನ್ನು. ಸಂಜೆಯೊಳಗೆ ಬೆವರಿಗೆ ಅಳಿಸಿಹೋಗುವ, ಮರುದಿನ ಹೊಸದಾಗಿ ಆರಂಭವಾಗುವ ಲೆಕ್ಕ ಅದು.

ಕಲಿಕೆಯನ್ನು ಅಳೆಯುವ ಕ್ರಮ ಬೇರೆಯೇ ಇತ್ತು. ಮಠದಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪುಗಳು. ಕೆಳಗಿನ ಗುಂಪುಗಳನ್ನು ಮುಂದೆ ಕಲಿತ ಹುಡುಗರೇ ನೋಡಿಕೊಳ್ಳುತ್ತಿದ್ದರು, ಮೇಲಿನವನ್ನು ಐಗಳು. ಮಗು ತನ್ನ ಶಕ್ತಿಗೂ ಪ್ರಗತಿಗೂ ತಕ್ಕಂತೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಏರುತ್ತಿತ್ತು ಎಂದು ಕ್ಯಾಂಬೆಲ್ ಸ್ಪಷ್ಟವಾಗಿ ಬರೆದಿದ್ದಾನೆ. ಏರುವುದು ಅಳತೆಗೋಲು ಹಿಡಿದ ಹೊರಗಿನವರೊಬ್ಬರು ನಿರ್ಧರಿಸಿದ ದಿನದಂದಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿದ ಬೆರಳನ್ನು ದಿನವೂ ಕಂಡಿದ್ದ ಐಗಳ ಕಣ್ಣೇ ಅಲ್ಲಿ ಪರೀಕ್ಷೆ. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಈ ರೀತಿಯನ್ನು ಇಂಗ್ಲೆಂಡು ಅನುಕರಿಸಿದ್ದು ನ್ಯಾಯವೇ ಎಂಬುದು ಕ್ಯಾಂಬೆಲ್ಲನ ಮೆಚ್ಚುಗೆ. ಮದರಾಸಿನ ಅನಾಥಾಲಯವೊಂದನ್ನು ನಡೆಸುತ್ತಿದ್ದ ಆಂಗ್ಲಿಕನ್ ಪಾದ್ರಿ ಆಂಡ್ರೂ ಬೆಲ್ ಇದರ ಬಗ್ಗೆ 1797ರಲ್ಲಿ ಪುಸ್ತಕ ಬರೆದು, ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆ 'ಮದರಾಸು ಪದ್ಧತಿ'ಯನ್ನು ಒಯ್ದಿದ್ದನು.

ಹಾಗೆಂದು ಆ ಮಠಗಳನ್ನು ಸ್ವರ್ಗವೆಂದು ಭ್ರಮಿಸುವುದು ಬೇಡ. ಅಲ್ಲಿ ಹೆಣ್ಣುಮಕ್ಕಳು ನೂರಕ್ಕೊಬ್ಬರೂ ಇರಲಿಲ್ಲ. ಮಕ್ಕಳು ಅರ್ಥ ತಿಳಿಯದ ಪದ್ಯಗಳನ್ನು ಗಿಣಿಯಂತೆ ಒಪ್ಪಿಸುತ್ತಿದ್ದರು ಎಂದು ಕ್ಯಾಂಬೆಲ್ಲನೇ ದೂರಿದ್ದಾನೆ. ಐಗಳು ತಪ್ಪು ತಿಳಿದರೆ ಕೇಳುವವರಿರಲಿಲ್ಲ. ಒಬ್ಬನೇ ಮನುಷ್ಯನ ಕಣ್ಣು ಎಷ್ಟೇ ಹತ್ತಿರದ್ದಾದರೂ ಅದರಲ್ಲಿ ಪಕ್ಷಪಾತದ ಪೊರೆ ಇರಬಹುದು. ಬರವಣಿಗೆಯ ಪರೀಕ್ಷೆ, ಒಬ್ಬರಿಗಿಂತ ಹೆಚ್ಚು ಪರೀಕ್ಷಕರು, ದಾಖಲೆಯ ಪುಸ್ತಕ, ಇವೆಲ್ಲ ಹುಟ್ಟಿದ್ದು ಈ ಪೊರೆಯನ್ನು ಕಳೆಯಲೆಂದೇ.

ಬರವಣಿಗೆಯ ಪರೀಕ್ಷೆಯ ತಾಯಿನಾಡು ಚೀನಾ. ಅಲ್ಲಿ ಸರಿಸುಮಾರು ಹದಿಮೂರು ಶತಮಾನಗಳ ಕಾಲ, 1905ರವರೆಗೆ, ಸಾಮ್ರಾಟನ ಅಧಿಕಾರಿಗಳನ್ನು ಪರೀಕ್ಷೆಯಿಂದಲೇ ಆರಿಸುತ್ತಿದ್ದರು. ಯೇಸುಸಭೆಯ ಗುರು ಮತ್ತೆಯೊ ರಿಚ್ಚಿಯವರು ಅದನ್ನು ಕಣ್ಣಾರೆ ಕಂಡು ಯುರೋಪಿಗೆ ವಿವರಿಸಿದರು. ಆದರೆ ಅದು ಆಯ್ಕೆಯ ಪರೀಕ್ಷೆ. ಸಾವಿರ ಜನರಲ್ಲಿ ಬೇಕಾದ ಹತ್ತು ಮಂದಿಯನ್ನು ಹೆಕ್ಕಿ ಉಳಿದವರನ್ನು ಮನೆಗೆ ಕಳಿಸುವ ಜರಡಿ. ಶಾಲೆಯ ಮಗುವಿನ ಕಲಿಕೆಯನ್ನು ಅಳೆದು ಬರೆದಿಡುವ ಕ್ರಮಕ್ಕೆ ನಾವು ಬೇರೆ ಕಡೆ ನೋಡಬೇಕು. ಅದು ದೊರೆಯುವುದು ನಮ್ಮ ಧರ್ಮಸಭೆಯದೇ ಒಂದು ಕಪಾಟಿನಲ್ಲಿ.

ಸಂತ ಇಗ್ನಾಸಿಯವರ ಯೇಸುಸಭೆ 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಶಾಲೆ ತೆರೆಯಿತು. ಐವತ್ತು ವರ್ಷಗಳಲ್ಲಿ ಅಂಥ ನೂರಾರು ಶಾಲೆಗಳಾದವು. ಅವುಗಳಿಗೆಲ್ಲ ಒಂದೇ ನಿಯಮಾವಳಿ ಬೇಕೆಂದು 1599ರಲ್ಲಿ, ಶ್ರೇಷ್ಠಾಧಿಕಾರಿ ಕ್ಲಾಡಿಯೊ ಅಕ್ವಾವಿವಾ ಅವರ ಕಾಲದಲ್ಲಿ, 'ರೇಷಿಯೊ ಸ್ಟುಡಿಯೋರುಮ್' ಎಂಬ ಗ್ರಂಥ ಹೊರಬಂತು. 1880ರಲ್ಲಿ ಮಂಗಳೂರಿನಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದಾಗ ಅವರ ಹಿಂದಿದ್ದ ಪರಂಪರೆ ಇದೇ. ನಿಯಮಾವಳಿಯಲ್ಲಿ ಪರೀಕ್ಷೆಗೆಂದೇ ಒಂದು ಭಾಗವಿದೆ. ಅದನ್ನು ಓದಿದರೆ ಇಂದಿನ ಪರೀಕ್ಷಾ ಕೊಠಡಿಯೇ ಕಣ್ಣಿಗೆ ಕಟ್ಟುತ್ತದೆ. ಮಕ್ಕಳು ಬೇಕಾದ ಪುಸ್ತಕ, ಬರೆಯುವ ಸಾಮಗ್ರಿಗಳನ್ನು ತಾವೇ ತರಬೇಕು, ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕು, ಮಾತಾಡಬಾರದು. ಅಕ್ಕಪಕ್ಕ ಕುಳಿತವರ ಬಗ್ಗೆ ಎಚ್ಚರವಿರಬೇಕು. ಎರಡು ಬರಹಗಳು ಒಂದೇ ತೆರನಾಗಿದ್ದರೆ ಎರಡನ್ನೂ ಸಂದೇಹದಿಂದ ನೋಡಬೇಕು, ಏಕೆಂದರೆ ಯಾರು ಯಾರಿಂದ ನಕಲು ಮಾಡಿದರೆಂದು ತಿಳಿಯುವುದು ಸಾಧ್ಯವಿಲ್ಲ. ನಾಲ್ಕು ನೂರು ವರ್ಷಗಳ ಹಿಂದಿನ ಮಕ್ಕಳೂ ನಮ್ಮ ಮಕ್ಕಳಂತೆಯೇ ಇದ್ದರೆಂಬುದು ಸಮಾಧಾನದ ಸಂಗತಿ.

ಬರವಣಿಗೆಯ ಬಳಿಕ ಮೂವರು ಪರೀಕ್ಷಕರ ಮುಂದೆ ಬಾಯಿಮಾತಿನ ಪರೀಕ್ಷೆ. ಮೇಲಿನ ತರಗತಿಗೆ ಕಳಿಸುವ ನಿರ್ಧಾರ ಆ ಮೂವರದು, ಬಹುಮತದಿಂದ. ಸಂದೇಹ ಬಂದರೆ ಆ ಹುಡುಗನ ದಿನನಿತ್ಯದ ಬರಹಗಳನ್ನು ತರಿಸಿ ನೋಡಬೇಕು. ಅರ್ಹತೆ ಅಂಚಿನಲ್ಲಿದ್ದರೂ ವಯಸ್ಸು ಮೊದಲಾದ ಕಾರಣಗಳಿಂದ ಮುಂದೆ ಕಳಿಸಬೇಕೆನಿಸಿದರೆ, ಕೆಲಸ ತೃಪ್ತಿಕರವಲ್ಲದಿದ್ದಲ್ಲಿ ಹಿಂದಕ್ಕೆ ಕಳಿಸುವ ಷರತ್ತಿನ ಮೇಲೆ ಕಳಿಸಬಹುದು. ಯಾವ ತರಗತಿಯಲ್ಲೂ ಫಲ ಕಾಣದ ಹುಡುಗನಿದ್ದರೆ ಅದನ್ನು ಅವನ ತಂದೆತಾಯಿಗೋ ಪೋಷಕರಿಗೋ ಸೌಜನ್ಯದಿಂದ ತಿಳಿಸಿ ಬಿಡಿಸಬೇಕು. 'ಸೌಜನ್ಯದಿಂದ' ಎಂಬುದು ನಿಯಮದಲ್ಲೇ ಇದೆ!

ಇನ್ನೊಂದು ನಿಯಮವನ್ನು ತಾವು ವಿಶೇಷವಾಗಿ ಗಮನಿಸಬೇಕು. ಪರೀಕ್ಷೆಗೆ ಮುನ್ನ ಅಧ್ಯಾಪಕರು ತಮ್ಮ ತರಗತಿಯ ಮಕ್ಕಳ ಪಟ್ಟಿಯೊಂದನ್ನು ಶಾಲೆಯ ಮೇಲ್ವಿಚಾರಕರಿಗೆ ಕೊಡಬೇಕು. ಅದರಲ್ಲಿ ಪ್ರತಿಯೊಬ್ಬನನ್ನೂ ಆರು ಮಾತುಗಳಲ್ಲಿ ಒಂದರಿಂದ ಗುರುತಿಸಬೇಕು: ಅತ್ಯುತ್ತಮ, ಉತ್ತಮ, ಸಾಧಾರಣ, ಸಂದೇಹಾಸ್ಪದ, ಅದೇ ತರಗತಿಯಲ್ಲಿ ಉಳಿಯಬೇಕಾದವ, ಬಿಡಿಸಬೇಕಾದವ. ಈ ಮಾತುಗಳನ್ನು ಬೇಕಿದ್ದರೆ ಒಂದರಿಂದ ಆರರವರೆಗಿನ ಅಂಕಿಗಳಿಂದ ಸೂಚಿಸಬಹುದು ಎಂದು ಗ್ರಂಥ ಸೇರಿಸುತ್ತದೆ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ಕೀಲಿಕೈ ಇಲ್ಲಿದೆ. ಅಂಕಿ ಇಲ್ಲಿ ಮಾತಿನ ಸಂಕ್ಷಿಪ್ತ ರೂಪ, ಬರೆಯುವವನ ಕೈನೋವು ಉಳಿಸುವ ಅನುಕೂಲ ಮಾತ್ರ. ಮೊದಲು ಅಧ್ಯಾಪಕರ ತೀರ್ಪು, ಆಮೇಲೆ ಅಂಕಿ. ಇಂದು ನಾವು 80 ಎಂಬ ಅಂಕಿಯನ್ನು ಮೊದಲು ಪಡೆದು ಅದರಿಂದ 'ಉತ್ತಮ' ಎಂಬ ಮಾತನ್ನು ಹುಟ್ಟಿಸುತ್ತೇವೆ. ಆಗ ಆ ಪಟ್ಟಿಯ ವಿಳಾಸವೂ ಸ್ಪಷ್ಟವಾಗಿತ್ತು. ಮರುವರ್ಷ ಅದೇ ಹುಡುಗನಿಗೆ ಕಲಿಸಬೇಕಾದ ಶಾಲೆಯೇ ಅದರ ಓದುಗ.

ಆ ಶಾಲೆಗಳಲ್ಲಿ ಪೈಪೋಟಿಯ ಅತಿರೇಕವೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪ್ರತಿ ಹುಡುಗನಿಗೆ ಒಬ್ಬ ಪ್ರತಿಸ್ಪರ್ಧಿಯನ್ನು ಜೋಡಿಸಿ, ಒಬ್ಬನ ತಪ್ಪನ್ನು ಇನ್ನೊಬ್ಬ ಹಿಡಿಯುವಂತೆ ಮಾಡುತ್ತಿದ್ದರು. ಬಹುಮಾನದ ದಿನ ಹೆಸರು ಕರೆಯುವ ವೈಭವ ಬೇರೆ. ನಮ್ಮ ಶಾಲಾ ವಾರ್ಷಿಕೋತ್ಸವದ ವೇದಿಕೆಯ ಬೇರು ಅಲ್ಲಿದೆ.

ಪತ್ರದ ವಿಳಾಸ ಬದಲಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಸರ್ಕಾರಗಳು ಶಾಲೆಗಳಿಗೆ ಹಣ ಕೊಡತೊಡಗಿದಾಗ, ಕೊಟ್ಟ ಹಣಕ್ಕೆ ಏನು ದೊರೆಯಿತೆಂದು ಕೇಳುವುದು ಸಹಜವೇ ಆಗಿತ್ತು. ಇಂಗ್ಲೆಂಡಿನಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ 1862ರಲ್ಲಿ ಜಾರಿಗೆ ತಂದ ಸಂಹಿತೆ ಇದಕ್ಕೆ ಸರಳ ಉತ್ತರ ಕೊಟ್ಟಿತು. ಆರು ವರ್ಷ ಮೀರಿದ, ಸಾಕಷ್ಟು ಹಾಜರಾತಿಯಿದ್ದ ಪ್ರತಿ ಮಗುವಿಗೆ ಶಾಲೆಗೆ 8 ಶಿಲಿಂಗ್. ಸರ್ಕಾರದ ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದು ಓದು, ಬರಹ, ಲೆಕ್ಕ ಮೂರನ್ನೂ ಪರೀಕ್ಷಿಸಬೇಕು. ಒಂದೊಂದರಲ್ಲಿ ಮಗು ಸೋತಾಗಲೂ 2 ಶಿಲಿಂಗ್ 8 ಪೆನ್ಸ್ ಕಡಿತ. ಮೂರರಲ್ಲೂ ಸೋತರೆ ಮಗುವಿನ ಬೆಲೆ ಸೊನ್ನೆ. ಶಿಕ್ಷಣ ಅಗ್ಗವಾಗದಿದ್ದರೆ ಸಮರ್ಥವಾದರೂ ಆಗುತ್ತದೆ, ಸಮರ್ಥವಾಗದಿದ್ದರೆ ಅಗ್ಗವಾದರೂ ಆಗುತ್ತದೆ ಎಂಬುದು ಲೋನ ವಾದ. ಜನ ಇದನ್ನು 'ಫಲಿತಾಂಶಕ್ಕೆ ತಕ್ಕ ಹಣ' ಎಂದು ಕರೆದರು.

ಮುಂದೇನಾಯಿತೆಂಬುದನ್ನು ಊಹಿಸಲು ಬಹಳ ಜಾಣತನ ಬೇಡ. ಅಧ್ಯಾಪಕರ ಸಂಬಳ ಆ ಒಂದು ದಿನದ ಮೇಲೆ ನಿಂತಿತು. ಇತಿಹಾಸ, ಭೂಗೋಳಗಳು ಹಿಂದೆ ಸರಿದವು, ಏಕೆಂದರೆ ಅವಕ್ಕೆ ಶಿಲಿಂಗ್ ಇರಲಿಲ್ಲ. ಕಾಯಿಲೆಯ ಮಕ್ಕಳನ್ನೂ ಪರೀಕ್ಷೆಯ ದಿನ ಹೊತ್ತು ತರುವ ಪರಿಪಾಠವಾಯಿತು. ಓದುವ ಪುಸ್ತಕವನ್ನು ವರ್ಷವಿಡೀ ಬಾಯಿಪಾಠ ಮಾಡಿಸಿದ್ದರಿಂದ, ಪುಸ್ತಕ ತಲೆಕೆಳಗಾಗಿದ್ದರೂ ಮಗು ತಡವರಿಸದೆ 'ಓದುತ್ತಿತ್ತು' ಎಂಬ ಕಥೆಗಳು ಹುಟ್ಟಿಕೊಂಡವು. ಕವಿ ಮ್ಯಾಥ್ಯೂ ಆರ್ನಲ್ಡ್ ಆಗ ಶಾಲಾ ಇನ್ಸ್‌ಪೆಕ್ಟರನಾಗಿದ್ದ, ಆ ಉದ್ಯೋಗದಲ್ಲಿ ಅವನು ಕಳೆದದ್ದು ಮೂವತ್ತೈದು ವರ್ಷ. ಓದಲು, ಬರೆಯಲು, ಲೆಕ್ಕ ಮಾಡಲು ನಿಜವಾಗಿ ಬಾರದ ಮಕ್ಕಳನ್ನೂ ಚತುರ ತಯಾರಿಯಿಂದ ಈ ಮೂರರ ಪರೀಕ್ಷೆಯಲ್ಲಿ ದಾಟಿಸಿಬಿಡಬಹುದೆಂದು ಅವನು ತನ್ನ ವರದಿಗಳಲ್ಲಿ ಸರ್ಕಾರಕ್ಕೇ ಬರೆದ. ಅಂಕಿಗಳು ಏರುತ್ತಿದ್ದವು. ಅಂಕಿಗಳು ಹೇಳಬೇಕಾದ ಸಂಗತಿ ಮಾತ್ರ ಅವುಗಳ ಕೆಳಗಿನಿಂದ ಜಾರಿಹೋಗಿತ್ತು. ಮೂವತ್ತೈದು ವರ್ಷಗಳ ಅನುಭವದ ಬಳಿಕ, 1897ರ ಹೊತ್ತಿಗೆ, ಇಂಗ್ಲೆಂಡು ಅದನ್ನು ಕೈಬಿಟ್ಟಿತು.

ಅಷ್ಟರಲ್ಲಿ ಅದು ಸಮುದ್ರ ದಾಟಿ ನಮ್ಮಲ್ಲಿಗೂ ಬಂದಿತ್ತು. 1854ರ ವುಡ್ ನಿರೂಪದಿಂದ ಖಾಸಗಿ ಶಾಲೆಗಳಿಗೆ ಸಹಾಯಧನದ ಬಾಗಿಲು ತೆರೆದಿತ್ತು. 1860ರ ದಶಕದಲ್ಲಿ ಮದರಾಸು, ಮುಂಬಯಿ ಎರಡೂ ಪ್ರಾಂತಗಳಲ್ಲಿ ಸಹಾಯಧನವನ್ನು ಫಲಿತಾಂಶಕ್ಕೆ ಕಟ್ಟುವ ಕ್ರಮ ಬಂತು. ಕನ್ನಡದ ನೆಲ ಆಗ ಹಂಚಿಹೋಗಿತ್ತಷ್ಟೆ. ದಕ್ಷಿಣ ಕನ್ನಡ, ಬಳ್ಳಾರಿ ಮದರಾಸಿಗೆ. ಧಾರವಾಡ, ಬೆಳಗಾವಿ, 1862ರಿಂದ ಉತ್ತರ ಕನ್ನಡವೂ ಮುಂಬಯಿಗೆ. ಹೀಗೆ ಹಳೆಯ ಐಗಳ ಮಠಗಳಾಗಲಿ, ನಮ್ಮ ಮಿಷನ್ ಶಾಲೆಗಳಾಗಲಿ, ಸರ್ಕಾರದ ರೂಪಾಯಿ ಬೇಕೆಂದರೆ ಇನ್ಸ್‌ಪೆಕ್ಟರರ ಮುಂದೆ ಮಕ್ಕಳನ್ನು ನಿಲ್ಲಿಸಬೇಕಾಯಿತು. ಅಂಗೈಯ ಸೊನ್ನೆ ಈಗ ಖಜಾನೆಯ ಕಡತ ಸೇರಿತು. ಇದರಿಂದ ಒಳಿತೇ ಆಗಲಿಲ್ಲ ಎನ್ನಲಾರೆ. ಹೆಸರಿಗೆ ಮಾತ್ರ ಇದ್ದ ಶಾಲೆಗಳು ಬೆಳಕಿಗೆ ಬಂದವು, ಊರೂರಿನ ಮಠಗಳು ಸರ್ಕಾರದ ನೆರವಿಗೆ ಬಂದವು. ಆದರೆ ಬಡವರ, ಹಿಂದುಳಿದವರ ನಡುವೆ ಕೆಲಸಮಾಡುವ ಶಾಲೆಗೆ ಈ ಲೆಕ್ಕ ಶತ್ರುವೇ ಸರಿ. ಕೈಗೂಡದ ಮಗುವಿಗೆ ಹೆಚ್ಚು ಹೊತ್ತು ಕೊಟ್ಟಷ್ಟೂ ಅಂಥ ಶಾಲೆಗೆ ನಷ್ಟ. 1882ರಲ್ಲಿ ಹಂಟರ್ ಆಯೋಗ ಕುಳಿತಾಗ ಈ ಪ್ರಶ್ನೆ ಅದರ ಮುಂದೆಯೂ ಬಂತು. ಮದರಾಸು ಕ್ರಿಶ್ಚಿಯನ್ ಕಾಲೇಜಿನ ವಿಲಿಯಂ ಮಿಲ್ಲರ್ ಆ ಆಯೋಗದ ಸದಸ್ಯರಲ್ಲೊಬ್ಬರು. ಕೊನೆಗೆ 1904ರಲ್ಲಿ ಲಾರ್ಡ್ ಕರ್ಜನ್ನರ ಸರ್ಕಾರ ಹೊರಡಿಸಿದ ಶಿಕ್ಷಣ ನಿರ್ಣಯವು, ಪರೀಕ್ಷೆಗಳು ಮಿತಿಮೀರಿ ಬೆಳೆದು ಇಡೀ ಶಿಕ್ಷಣವನ್ನು ಆಳತೊಡಗಿವೆ ಎಂದು ಒಪ್ಪಿಕೊಂಡು, ಫಲಿತಾಂಶಕ್ಕೆ ಹಣ ಕೊಡುವ ಕ್ರಮವನ್ನೂ ಖಂಡಿಸಿತು. ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು.

ಅದು ಮರೆಯಾದರೂ ಇನ್ನೊಂದು ವಿಳಾಸ ಅಷ್ಟರೊಳಗೆ ಬಲವಾಗಿತ್ತು. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಆಗ ಅವು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆಗಳನ್ನು ನಡೆಸುತ್ತಿದ್ದವು, ಅಷ್ಟೆ. ಅವುಗಳ ಮೆಟ್ರಿಕ್ಯುಲೇಷನ್ ಪರೀಕ್ಷೆ ಕಾಲೇಜಿಗೆ ಪ್ರವೇಶ, ಜೊತೆಗೆ ಸರ್ಕಾರಿ ಕಚೇರಿಯ ಗುಮಾಸ್ತಿಕೆಗೂ ಪರವಾನಗಿ. ಅಂಕಪಟ್ಟಿಯ ಓದುಗ ಈಗ ಉದ್ಯೋಗ ಕೊಡುವ ಸಾಹೇಬ. ಕಲಕತ್ತೆಯ ಮೊತ್ತಮೊದಲ ಬಿ.ಎ. ಪರೀಕ್ಷೆ 1858ರಲ್ಲಿ ನಡೆದಾಗ ತೇರ್ಗಡೆಯಾದವರು ಇಬ್ಬರೇ, ಅದೂ ಕೃಪಾಂಕ ಸೇರಿಸಿದ ಮೇಲೆ. ಅವರಲ್ಲೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು! ಕೃಪಾಂಕವೆಂದರೆ ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಮದರಾಸಿನ ಕಥೆ ಇನ್ನೂ ಕಹಿಯಾದದ್ದು. ಶ್ರೀನಿವಾಸ ರಾಮಾನುಜನ್ ಮೆಟ್ರಿಕ್ಯುಲೇಷನ್ ಮುಗಿಸಿ 1904ರಲ್ಲಿ ಕುಂಭಕೋಣದ ಕಾಲೇಜು ಸೇರಿದರು, ವಿದ್ಯಾರ್ಥಿವೇತನವೂ ದೊರೆಯಿತು. ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ಸೋತರು, ವಿದ್ಯಾರ್ಥಿವೇತನ ಹೋಯಿತು. ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಿಂದ ಎಫ್.ಎ. ಪರೀಕ್ಷೆಗೆ ಕುಳಿತು ಮತ್ತೆ ನಪಾಸಾದರು. ಶರೀರಶಾಸ್ತ್ರವಂತೂ ಅವರಿಗೆ ಒಗ್ಗಲೇ ಇಲ್ಲ. 1912ರಲ್ಲಿ ಬಂದರಿನ ಕಚೇರಿಯಲ್ಲಿ ಗುಮಾಸ್ತರಾದರು. 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ ಬರೆದರು. ಅದೇ ವರ್ಷ ಅವರನ್ನು ನಪಾಸು ಮಾಡಿದ ವಿಶ್ವವಿದ್ಯಾಲಯವೇ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ನೀಡಿತು, 1918ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ನಪಾಸಾದ ಹುಡುಗರಿಗೆ ಈ ಕಥೆಯನ್ನು ಸಮಾಧಾನಕ್ಕಾಗಿ ಹೇಳುವುದುಂಟು. ನನಗೆ ಅದು ಅಷ್ಟು ಇಷ್ಟವಿಲ್ಲ, ನಪಾಸಾದವರೆಲ್ಲ ರಾಮಾನುಜನ್ ಆಗುವುದಿಲ್ಲ. ಕಥೆಯ ತಿರುಳು ಬೇರೆಡೆ ಇದೆ. ಆ ಅಂಕಪಟ್ಟಿ ಸುಳ್ಳು ಹೇಳಲಿಲ್ಲ, ಶರೀರಶಾಸ್ತ್ರ ಅವರಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಆದರೆ ಈ ಯುವಕನಿಗೆ ಏನು ಗೊತ್ತಿದೆ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಆ ಜಾಗವನ್ನು ತುಂಬಿದ್ದು ಹಾರ್ಡಿಯವರ ಪತ್ರ, ಅಂದರೆ ಅಕ್ಷರಗಳಲ್ಲಿ ಬರೆದ ತೀರ್ಪು.

ಅಂಕಿಯೇ ಎಷ್ಟು ಖಚಿತ ಎಂಬ ಸಂದೇಹವೂ ಅದೇ ಕಾಲದಲ್ಲಿ ಹುಟ್ಟಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ವಿದ್ವಾಂಸರು ಒಬ್ಬ ವಿದ್ಯಾರ್ಥಿಯ ಒಂದೇ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಅಧ್ಯಾಪಕರಿಗೆ ಕಳಿಸಿ ಅಂಕ ಕೊಡಲು ಕೇಳಿದರು. ಇಂಗ್ಲಿಷ್ ಪತ್ರಿಕೆಯಲ್ಲಿ ವ್ಯತ್ಯಾಸ ಬಂದದ್ದು ಯಾರಿಗೂ ಅಚ್ಚರಿಯಾಗಲಿಲ್ಲ. 1913ರಲ್ಲಿ ರೇಖಾಗಣಿತದ ಪತ್ರಿಕೆಯನ್ನು ಹಾಗೆಯೇ ಕಳಿಸಿದಾಗ ಒಬ್ಬರು ನೂರಕ್ಕೆ 30ಕ್ಕಿಂತ ಕಡಿಮೆ ಕೊಟ್ಟರೆ ಇನ್ನೊಬ್ಬರು 90ಕ್ಕಿಂತ ಹೆಚ್ಚು ಕೊಟ್ಟರು! ಕೆಲವರು ಉತ್ತರವನ್ನು ಮಾತ್ರ ನೋಡಿದ್ದರು, ಕೆಲವರು ಹೆಜ್ಜೆಗಳನ್ನು, ಕೆಲವರು ಅಕ್ಷರದ ಅಂದವನ್ನು. ಇಂದು ಮೌಲ್ಯಮಾಪಕರಿಗೆ ಮಾದರಿ ಉತ್ತರವನ್ನೂ ಹೆಜ್ಜೆಗಿಷ್ಟು ಅಂಕವೆಂಬ ಲೆಕ್ಕವನ್ನೂ ಕೊಡುವುದು ಈ ಕಾರಣಕ್ಕೇ.

ಸ್ವಾತಂತ್ರ್ಯಾನಂತರದ ಆಯೋಗಗಳ ಕಥೆ ಉದ್ದವಾದರೂ ಸಾರ ಒಂದೇ. ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡಬೇಕಾದರೆ ಅದು ಪರೀಕ್ಷೆಯ ಸುಧಾರಣೆ ಎಂದು 1949ರಲ್ಲಿ ರಾಧಾಕೃಷ್ಣನ್ ಆಯೋಗ ಹೇಳಿತು. ಮಗುವಿನ ವರ್ಷವಿಡೀ ದಾಖಲೆ ಇಡಿ, ಅಂಕಿಯ ಬದಲು ಕೆಲವೇ ಶ್ರೇಣಿಗಳನ್ನು ಬಳಸಿ ಎಂದು 1953ರಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಆಯೋಗ ಹೇಳಿತು. ಎಲ್ಲರೂ ತಲೆದೂಗಿದರು. ಪರೀಕ್ಷೆ ಮುಂದುವರಿಯಿತು.

ಮಾತು ನಿಜವಾಗಿ ಕೃತಿಯಾದದ್ದು ಒಂದು ಹಿಂದುಳಿದ ತಾಲ್ಲೂಕಿನಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದು 'ನಲಿ-ಕಲಿ'ಯನ್ನು ಆರಂಭಿಸಿದರು. ಕಲಿಯಬೇಕಾದದ್ದನ್ನು ಏಣಿಯ ಮೆಟ್ಟಿಲುಗಳಾಗಿ ಬಿಡಿಸಲಾಯಿತು. ಮಗು ಒಂದು ಮೆಟ್ಟಿಲು ಏರಿದ ಮೇಲೆಯೇ ಮುಂದಿನದು. ಹತ್ತು ದಿನ ಜ್ವರದಿಂದ ಮಲಗಿದ್ದ ಮಗು ಮರಳಿ ಬಂದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಭಯ ಹುಟ್ಟಿಸುವ ಪರೀಕ್ಷೆಯ ದಿನವೆಂಬುದಿಲ್ಲ, ಮೌಲ್ಯಮಾಪನ ಏಣಿಯೊಳಗೇ ಅಡಗಿದೆ. ಮುಂದೆ ಇದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ವಿಸ್ತರಿಸಿತು. ಬಳ್ಳಾರಿಯ ಮಠದಲ್ಲಿ ಮಗು ತನ್ನ ಪ್ರಗತಿಗೆ ತಕ್ಕಂತೆ ಗುಂಪಿನಿಂದ ಗುಂಪಿಗೆ ಏರುತ್ತಿದ್ದುದನ್ನು ನೆನೆದರೆ, ಇದು ಪೂರ್ತಿ ಹೊಸತೇನೂ ಅಲ್ಲ. ವಿಸ್ತರಿಸಿದಾಗ ತೆಳುವಾದದ್ದೂ ನಿಜ. ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡ ಒಬ್ಬ ಶಿಕ್ಷಕಿಗೆ ಪ್ರತಿ ಮಗುವಿನ ಮೆಟ್ಟಿಲು ನೆನಪಿಡುವುದು ಸುಲಭವಲ್ಲ. "ಪರೀಕ್ಷೆಯೇ ಇಲ್ಲವಂತೆ, ಬರೀ ಆಟವಂತೆ" ಎಂದು ಮಗುವನ್ನು ಅಲ್ಲಿಂದ ಬಿಡಿಸಿದ ತಂದೆತಾಯಿಯರೂ ಇದ್ದಾರೆ.

2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿಯವರೆಗೆ ಮಗುವನ್ನು ಅನುತ್ತೀರ್ಣಗೊಳಿಸಬಾರದು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಸಬೇಕು ಎಂದು ವಿಧಿಸಿತು. ಮೊದಲ ಅರ್ಧವನ್ನು ಎಲ್ಲರೂ ಕೇಳಿಸಿಕೊಂಡರು, ಎರಡನೆಯ ಅರ್ಧ ನಮೂನೆಗಳನ್ನು ತುಂಬುವ ಕೆಲಸವಾಯಿತು. 2019ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ ಮಕ್ಕಳನ್ನು ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ದೊರೆಯಿತು. ನಮ್ಮ ರಾಜ್ಯ 2024ರ ಮಾರ್ಚ್‌ನಲ್ಲಿ ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ಮಂಡಳಿಯ ಪರೀಕ್ಷೆ ನಡೆಸಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಏಪ್ರಿಲ್‌ನಲ್ಲಿ ನ್ಯಾಯಾಲಯ ಫಲಿತಾಂಶ ಪ್ರಕಟಿಸದಂತೆ ತಡೆಯಿತು. ಹತ್ತು ವರ್ಷದ ಮಕ್ಕಳು ಬರೆದ ಉತ್ತರಗಳು ದೆಹಲಿಯ ನ್ಯಾಯಪೀಠದ ಮುಂದೆ ನಿಂತ ದೃಶ್ಯವನ್ನು ಕ್ಯಾಂಬೆಲ್ ಕಂಡಿದ್ದರೆ ಏನು ಬರೆಯುತ್ತಿದ್ದನೋ!

ಈಗ ನಮ್ಮ ಎಸ್ಸೆಸ್ಸೆಲ್ಸಿಗೆ ಬರೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾದ ನೇರ ನಿಗಾ ಬಂತು. ಫಲಿತಾಂಶ ಕುಸಿಯುವುದನ್ನು ಕಂಡು ಕೃಪಾಂಕದ ಮಿತಿಯನ್ನು ಹಿಗ್ಗಿಸಿದ ಮೇಲೂ ಅದು 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವಿಲ್ಲದೆ ಮೊದಲ ಪರೀಕ್ಷೆಯ ಫಲಿತಾಂಶ 66.14. ಎರಡು ವರ್ಷಗಳಲ್ಲಿ ಮಕ್ಕಳ ಬುದ್ಧಿ ಇಷ್ಟು ಇಳಿಯಿತೆಂದು ಯಾರೂ ನಂಬುವುದಿಲ್ಲ. ಬದಲಾದದ್ದು ಅಳತೆಗೋಲು. ಆದರೂ ಪ್ರತಿ ವರ್ಷ ಆ ಶೇಕಡವನ್ನೇ ಹಿಡಿದು ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸುತ್ತೇವೆ. 2025ರಲ್ಲಿ ಮೊದಲು ದಕ್ಷಿಣ ಕನ್ನಡ, ಬಳಿಕ ಉಡುಪಿ, ಕೊನೆಗೆ ಕಲಬುರಗಿ. ಕರಾವಳಿಯವರು ಹೆಮ್ಮೆಪಡುವುದು ಸಹಜ. ಆದರೆ ಕಲಬುರಗಿಯ ಮಗು ಎಷ್ಟು ದೂರದಿಂದ ನಡೆದು ಬಂತೆಂಬುದು ಆ ಸಾಲಿನಲ್ಲಿ ಕಾಣುವುದಿಲ್ಲ.

ಇಲ್ಲಿ ನಮ್ಮ ಸಂಸ್ಥೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಶಾಲೆಯ ಗೇಟಿನ ಮೇಲೆ 'ನೂರಕ್ಕೆ ನೂರು ಫಲಿತಾಂಶ' ಎಂಬ ಫಲಕ ತೂಗುವುದನ್ನು ತಾವು ಕಂಡಿದ್ದೀರಿ. ಆ ಫಲಕದ ವಿಳಾಸ ಮುಂದಿನ ವರ್ಷ ಮಗುವನ್ನು ಸೇರಿಸಲು ಬರುವ ಹೊಸ ತಂದೆತಾಯಿ. ಅದನ್ನು ಉಳಿಸಿಕೊಳ್ಳಲು, ಒಂಬತ್ತರಲ್ಲಿ ಹಿಂದೆ ಬಿದ್ದ ಮಗುವಿಗೆ ಬೇರೆ ಶಾಲೆಯ ದಾರಿ ತೋರಿಸಿದರೆಂಬ ದೂರುಗಳು ನಮ್ಮ ಧರ್ಮಕೇಂದ್ರಗಳಲ್ಲೂ ಕೇಳಿಬರುತ್ತವೆ. 2 ಶಿಲಿಂಗ್ 8 ಪೆನ್ಸ್ ಕಡಿತದ ನಿಯಮ ರದ್ದಾಗಿ ನೂರು ವರ್ಷಗಳ ಮೇಲಾಗಿದೆ, ಅದರ ಲೆಕ್ಕಾಚಾರ ಮಾತ್ರ ಇನ್ನೂ ಉಸಿರಾಡುತ್ತಿದೆ. ಬಡ ಮಕ್ಕಳಿಗಾಗಿಯೇ ಹುಟ್ಟಿದ ಶಾಲೆಯೊಂದು ದುರ್ಬಲ ಮಗುವನ್ನು ತನ್ನ ಶೇಕಡದ ಶತ್ರುವೆಂದು ಎಣಿಸತೊಡಗಿದರೆ, ಆ ಶಾಲೆಯ ಹೆಸರಿನ ಮುಂದೆ ಯಾವ ಸಂತರ ಹೆಸರಿದ್ದರೇನು?

ತಂದೆತಾಯಿಯರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಹತ್ತನೆಯ ತರಗತಿಯ ಅಂಕಗಳಲ್ಲಿ ಐದನೆಯ ಒಂದು ಭಾಗ ಶಾಲೆಯೇ ಕೊಡುವ ಆಂತರಿಕ ಅಂಕ. ಕೆಳಗಿನ ತರಗತಿಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಇವುಗಳ ಪ್ರಗತಿಪತ್ರಕ್ಕೆ ಸಹಿ ಹಾಕಲೆಂದು ಶಾಲೆ ತಮ್ಮನ್ನು ಕರೆಯುತ್ತದೆ. ಸಹಿ ಹಾಕುವ ಮುನ್ನ ಆ ಅಂಕಿ ಯಾವ ಬರಹದಿಂದ, ಯಾವ ಚಟುವಟಿಕೆಯಿಂದ ಬಂತೆಂದು ತೋರಿಸುವಂತೆ ಶಿಕ್ಷಕರನ್ನು ಕೇಳಬಹುದು. 1599ರ ಮೂವರು ಪರೀಕ್ಷಕರು ಸಂದೇಹ ಬಂದಾಗ ಕೇಳಿದ್ದೂ ಅದನ್ನೇ. ಒಳ್ಳೆಯ ಶಿಕ್ಷಕರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಅವರಲ್ಲಿ ಅನೇಕರು ವರ್ಷವಿಡೀ ಯಾರಾದರೂ ಕೇಳಲೆಂದು ಕಾದಿರುತ್ತಾರೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಬಳಿಕ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳಲು ಅವಕಾಶವಿದೆ. ಸಾಮಾನ್ಯವಾಗಿ ಜನ ಇದನ್ನು ಮಾಡುವುದು ಕೈತಪ್ಪಿದ ಎರಡು ಅಂಕಗಳನ್ನು ಹುಡುಕಲು. ಅದೇ ಪ್ರತಿಯನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಮಗಳ ಪಕ್ಕದಲ್ಲಿ ಕುಳಿತು ಹಾಳೆ ತಿರುವಿದರೆ, ಲೆಕ್ಕದಲ್ಲಿ ಅವಳು ಎಡವಿದ್ದು ಗಣಿತದಲ್ಲೋ, ಪ್ರಶ್ನೆಯ ಕನ್ನಡವನ್ನು ಅರ್ಥಮಾಡಿಕೊಳ್ಳುವುದರಲ್ಲೋ ಎಂದು ತಿಳಿಯುತ್ತದೆ. ಕೊನೆಯ ಪುಟದಲ್ಲಿ ಅಕ್ಷರ ಕೆಟ್ಟಿದ್ದರೆ ಹೊತ್ತು ಸಾಲಲಿಲ್ಲ ಎಂದರ್ಥ. ಖಾಲಿ ಬಿಟ್ಟ ಉತ್ತರಗಳೆಲ್ಲ ಒಂದೇ ಪಾಠದವಾಗಿದ್ದರೆ ಆ ಪಾಠ ನಡೆದ ವಾರ ಅವಳು ಶಾಲೆಗೆ ಹೋಗಿರಲಿಲ್ಲವೇ ಎಂದು ಕೇಳಬಹುದು. ಮೂರು ಅಂಕಿಗಳಲ್ಲಿ ಕಾಣದ ಈ ವಿವರಗಳೆಲ್ಲ ಅವಳ ಕೈಬರಹದಲ್ಲೇ ಅಲ್ಲಿವೆ, ನೀಲಿ ಶಾಯಿಯಲ್ಲಿ.